ಚಹಾ, ಡಬ್ಬಾ, ಅಡಿಕೆ, ಹಲ್ಲು: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್ಕು. ಬರುವವರಲ್ಲಿ ನಮ್ಮವರೇ ಬಹಳ. ಹೋಟೆಲಿನವರು, ಬ್ಯಾಂಕಿನವರು, ಐಟಿ ಹುಡುಗರು, ಮೊಮ್ಮಗುವನ್ನು ನೋಡಿಕೊಳ್ಳಲು ಊರಿನಿಂದ ಬಂದ ಅಜ್ಜಿಯರು. ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ ಯಾರಿಗೂ ಮಾತಾಡಲು ಆಗುವುದಿಲ್ಲ. ಹಾಗಾಗಿ ಪ್ರಶ್ನೆಗಳೆಲ್ಲ ಬಾಗಿಲ ಹತ್ತಿರ, ಚಪ್ಪಲಿ ಹಾಕಿಕೊಳ್ಳುವಾಗ ಬರುತ್ತವೆ. ಅಷ್ಟರಲ್ಲಿ ಮುಂದಿನವರು ಒಳಗೆ ಬಂದಿರುತ್ತಾರೆ. ಅವಸರದಲ್ಲಿ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಬ್ರಶ್ಶಿನ ಮಾತು ಕಡಿಮೆ, ತಿನ್ನುವ ಕುಡಿಯುವ ಮಾತು ಜಾಸ್ತಿ.

ಎಷ್ಟು ಸಿಹಿ ತಿಂದರೆ ಹಲ್ಲು ಹುಳುಕಾಗುತ್ತದೆ? ಒಂದು ಲೆಕ್ಕ ಹೇಳಿಬಿಡಿ.

ಹಲ್ಲಿನ ಮಟ್ಟಿಗೆ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ದೊಡ್ಡದು. ಬಾಯಿಯಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ಸಕ್ಕರೆ ಸಿಕ್ಕಿದ ಕೂಡಲೇ ಅವು ಅದನ್ನು ತಿಂದು ಆಮ್ಲ ಬಿಡುತ್ತವೆ. ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲ್ಮೈಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿಯುತ್ತದೆ. ಅಲ್ಲಿಂದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗಲು ಶುರು. ಕ್ಯಾಲ್ಸಿಯಂ, ಫಾಸ್ಫೇಟ್ ಹಲ್ಲಿನಿಂದ ಹೊರಗೆ ಬರುತ್ತವೆ. ಆಮೇಲೆ ಜೊಲ್ಲು ಕೆಲಸಕ್ಕೆ ಇಳಿಯುತ್ತದೆ. ಆಮ್ಲವನ್ನು ತೊಳೆದು, ಹೋದ ಖನಿಜವನ್ನು ನಿಧಾನಕ್ಕೆ ವಾಪಸ್ ಕೂರಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಈಗ ಯೋಚಿಸಿ. ಊಟದ ಜೊತೆ ಎರಡು ಹೋಳಿಗೆ ತಿಂದು ಎದ್ದರೆ ಹಲ್ಲಿಗೆ ಒಂದು ಸಲ ಪೆಟ್ಟು. ಒಂದೇ ಲಾಡನ್ನು ಡಬ್ಬಿಯಲ್ಲಿಟ್ಟು, ಹೋದಾಗ ಬಂದಾಗ ಮುರಿದು ಬಾಯಿಗೆ ಹಾಕಿಕೊಂಡರೆ ನಾಲ್ಕೈದು ಸಲ ಪೆಟ್ಟು. ಸಕ್ಕರೆ ಕಡಿಮೆ, ಹಾನಿ ಜಾಸ್ತಿ. ಜೊಲ್ಲಿಗೆ ಬಿಡುವೇ ಸಿಗಲಿಲ್ಲ, ಅಲ್ವಾ?

ಇನ್ನು ಹೊಟ್ಟೆ, ತೂಕ, ಶುಗರ್ ಅಂತ ನೋಡಿದರೆ ಪ್ರಮಾಣವೂ ಮುಖ್ಯವೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು: ಮೇಲಿನಿಂದ ಹಾಕಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಶೇ. 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಆರು ಟೀ ಚಮಚ. ನಮ್ಮ ಚಹಾದಲ್ಲೇ ಅದು ಮುಗಿದುಹೋಗುತ್ತದೆ.

ಆಫೀಸಿನಲ್ಲಿ ದಿನಕ್ಕೆ ಐದಾರು ಕಟಿಂಗ್ ಚಹಾ ಆಗುತ್ತದೆ. ಅರ್ಧ ಗ್ಲಾಸು ತಾನೇ?

ಗ್ಲಾಸು ಅರ್ಧ, ಆದರೆ ಹಲ್ಲಿಗೆ ಲೆಕ್ಕ ಪೂರ್ತಿಯೇ. ಟಪರಿಯ (ರಸ್ತೆ ಬದಿಯ ಅಂಗಡಿಯ) ಚಹಾದಲ್ಲಿ ಸಕ್ಕರೆ ಮೊದಲೇ ಕುದಿದಿರುತ್ತದೆ, ಕಡಿಮೆ ಹಾಕಿ ಅಂದರೂ ಆಗುವುದಿಲ್ಲ. ಹತ್ತೂವರೆಗೆ ಒಂದು, ಹನ್ನೆರಡಕ್ಕೆ ಒಂದು, ಊಟ ಆದಮೇಲೆ ಒಂದು, ನಾಲ್ಕಕ್ಕೆ ಒಂದು, ಬಾಸ್ ಕರೆದರೆ ಇನ್ನೊಂದು. ಬಾಯಿ ಇಡೀ ದಿನ ಆಮ್ಲದಲ್ಲೇ ನೆನೆದಿರುತ್ತದೆ. ಅದರ ಮೇಲೆ ಬಿಸ್ಕತ್ತು ಅದ್ದಿ ತಿಂದರೆ ಕೇಳುವುದೇ ಬೇಡ. ನೆನೆದ ಬಿಸ್ಕತ್ತು ದವಡೆ ಹಲ್ಲಿನ ಗೀರುಗಳಲ್ಲಿ ಅಂಟಿ ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ಖಾರಿ, ಟೋಸ್ಟ್, ನಾನ್‌ಖಟಾಯ್ ಎಲ್ಲಕ್ಕೂ ಇದೇ ಮಾತು.

ಚಹಾ ಬಿಡಿ ಅಂತ ಮುಂಬೈಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ನಾನೂ ಬಿಟ್ಟಿಲ್ಲ. ಎರಡು ಸಲ ಸಕ್ಕರೆ ಹಾಕಿದ್ದು ಕುಡಿಯಿರಿ, ಅದೂ ತಿಂಡಿ ಊಟದ ಹತ್ತಿರ. ಉಳಿದದ್ದು ಸಕ್ಕರೆ ಇಲ್ಲದ್ದು. ಮೊದಲ ಎರಡು ವಾರ ಕಷಾಯ ಕುಡಿದ ಹಾಗೆ ಅನಿಸುತ್ತದೆ, ಆಮೇಲೆ ಸಕ್ಕರೆಯದ್ದೇ ಬಾಯಿಗೆ ಹಿಡಿಸುವುದಿಲ್ಲ. ಕುಡಿದ ಮೇಲೆ ಒಂದು ಗುಟುಕು ನೀರು ಬಾಯಿಯಲ್ಲಿ ಆಡಿಸಿ ನುಂಗಿ. ಹಲ್ಲಿನ ಮೇಲಿನ ಕಂದು ಕಲೆ ಬೇರೆ ವಿಷಯ. ಅದು ಕ್ಲೀನಿಂಗ್ ಮಾಡಿಸಿದರೆ ಹೋಗುತ್ತದೆ. ಹುಳುಕು ಹಾಗೆ ಹೋಗುವುದಿಲ್ಲ.

ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ?

ಬ್ಯಾಕ್ಟೀರಿಯಾಕ್ಕೆ ಎರಡೂ ಒಂದೇ. ಬೆಲ್ಲ ಅಂಟಿಕೊಳ್ಳುವುದು ಇನ್ನೂ ಜಾಸ್ತಿ. ಜೇನೂ ಅಷ್ಟೇ. ಲೋಣಾವಳ ಚಿಕ್ಕಿ ತಂದರೆ ಊಟ ಮುಗಿದ ಕೂಡಲೇ ತಿಂದು ಬಾಯಿ ಮುಕ್ಕಳಿಸಿ. ಬೀರುವಿನಲ್ಲಿಟ್ಟು ದಿನವಿಡೀ ಕಡಿಯಬೇಡಿ. ಹಳೆಯ ಫಿಲ್ಲಿಂಗ್, ಕ್ಯಾಪ್ ಇದ್ದವರು ಗಟ್ಟಿ ಚಿಕ್ಕಿಯನ್ನು ಹಿಂದಿನ ಹಲ್ಲಿನಿಂದ ಕಡಿಯಲೇಬೇಡಿ. ದೀಪಾವಳಿ ಮುಗಿದ ವಾರ ನನ್ನ ಕ್ಲಿನಿಕ್ಕಿನಲ್ಲಿ ಕಿತ್ತುಬಂದ ಕ್ಯಾಪುಗಳ ಮೆರವಣಿಗೆಯೇ ಇರುತ್ತದೆ. ಚಕ್ಕುಲಿ, ಕೋಡುಬಳೆ, ಚಿಕ್ಕಿ, ಈ ಮೂವರೇ ಮುಖ್ಯ ಆರೋಪಿಗಳು.

ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಒಂಬತ್ತಕ್ಕೆ. ಮಧ್ಯೆ ಹಸಿದರೆ ಏನು ತಿನ್ನಲಿ?

ಬದ್ಲಾಪುರ, ಅಂಬರನಾಥ, ವಿರಾರ್ ಕಡೆಯವರ ಪ್ರಶ್ನೆ ಇದು. ಇವರ ತೊಂದರೆ ಅರ್ಥವಾಗುತ್ತದೆ. ಸಂಜೆ ಆರೂವರೆಗೆ ಸ್ಟೇಷನ್ನಿನಲ್ಲಿ ಕಾಣುವುದೇ ವಡಾ ಪಾವ್, ಸಮೋಸ, ಕ್ರೀಮ್ ಬಿಸ್ಕತ್ತು, ವೇಫರ್. ಹಲ್ಲಿನ ವೈದ್ಯೆಯಾಗಿ ಹೇಳಬೇಕೆಂದರೆ ಕ್ರೀಮ್ ಬಿಸ್ಕತ್ತಿಗಿಂತ ವಡಾ ಪಾವೇ ವಾಸಿ. ಒಂದೇ ಸಲ ತಿಂದು ಮುಗಿಯುತ್ತದೆ, ಸಿಹಿ ಇಲ್ಲ. ಹೃದಯದ ಡಾಕ್ಟರು ಇದನ್ನು ಓದಿದರೆ ಬೈಯುತ್ತಾರೆ, ಅವರ ಮಾತೂ ಸರಿಯೇ. ದಿನಾ ಬೇಡ.

ಬೆಳಿಗ್ಗೆ ಡಬ್ಬಾ ಕಟ್ಟುವಾಗಲೇ ಒಂದು ಸಣ್ಣ ಡಬ್ಬಿ ಸಂಜೆಗೆ ಅಂತ ಬೇರೆ ಕಟ್ಟಿ. ಹುರಿದ ಕಡಲೆಕಾಯಿ, ಹುರಿಗಡಲೆ, ನೆನೆಸಿದ ಹೆಸರುಕಾಳು, ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಮೊಟ್ಟೆ. ಇವುಗಳಲ್ಲಿ ಯಾವುದೂ ಹಲ್ಲಿಗೆ ಹೆಚ್ಚು ಸಕ್ಕರೆ ಕೊಡುವುದಿಲ್ಲ. ಕ್ಯಾರೆಟ್, ಸೌತೆಕಾಯಿ ಅಗಿದಾಗ ಜೊಲ್ಲೂ ಚೆನ್ನಾಗಿ ಬರುತ್ತದೆ. ಒಂದು ಸೇಬೋ ಪೇರಳೆಯೋ ಇದ್ದರೂ ಆಯಿತು. ಇಡೀ ಹಣ್ಣು, ಜ್ಯೂಸ್ ಅಲ್ಲ. ಚುರುಮುರಿ ಪರವಾಗಿಲ್ಲ, ಆದರೆ ಅದರ ಮೇಲೆ ಸುರಿಯುವ ಖರ್ಜೂರದ ಸಿಹಿ ಚಟ್ನಿ ಸ್ವಲ್ಪ ಹಿಡಿತದಲ್ಲಿರಲಿ.

ಮತ್ತೊಂದು. ಚೀಲದಲ್ಲಿ ಪೆಪ್ಪರ್‌ಮಿಂಟು, ಗಂಟಲಿಗೆ ಅಂತ ಚೀಪುವ ಗುಳಿಗೆ ಇಟ್ಟುಕೊಳ್ಳುವವರು ಬಹಳ. ಲೋಕಲ್ ರೈಲಿನಲ್ಲಿ ಠಾಣೆಯಿಂದ ಸಿಎಸ್‌ಎಂಟಿ ಸ್ಟೇಷನ್ನಿನವರೆಗೆ ಒಂದಾದಮೇಲೆ ಒಂದು ಚೀಪುತ್ತಾ ಹೋಗುತ್ತಾರೆ. ಹಲ್ಲಿಗೆ ಇದಕ್ಕಿಂತ ಕೆಟ್ಟ ಅಭ್ಯಾಸ ಹುಡುಕುವುದು ಕಷ್ಟ. ಬೇಕೇ ಬೇಕು ಅಂದರೆ ಸಕ್ಕರೆ ಇಲ್ಲದ, ಕ್ಸೈಲಿಟಾಲ್ ಅನ್ನುವ ಬದಲಿ ಸಿಹಿ ಇರುವ ಚೂಯಿಂಗ್ ಗಮ್ ತೆಗೆದುಕೊಳ್ಳಿ. ಅದು ಬಾಯಿಯಲ್ಲಿ ಜೊಲ್ಲು ತರಿಸುತ್ತದೆ, ಬ್ಯಾಕ್ಟೀರಿಯಾ ಅದರಿಂದ ಆಮ್ಲ ಮಾಡಲಾರವು.

ನೀರು ಎಷ್ಟು ಕುಡಿಯಬೇಕು?

ಮೂತ್ರ ತಿಳಿ ಹಳದಿ ಇರುವಷ್ಟು. ಲೀಟರ್ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಎಸಿ ಆಫೀಸಿನವರು ಬೇರೆ, ಮೇ ತಿಂಗಳ ಬಿಸಿಲಿನಲ್ಲಿ ಡೆಲಿವರಿ ಮಾಡುವವರು ಬೇರೆ. ಕಿಡ್ನಿ, ಹೃದಯದ ತೊಂದರೆ ಇರುವವರಿಗೆ ಅವರ ಡಾಕ್ಟರು ಹೇಳಿದ ಅಳತೆಯೇ ಸರಿ.

ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಮಾತಿದೆ. ಲೋಕಲ್ಲಿನಲ್ಲಿ ಓಡಾಡುವ ಹೆಂಗಸರು ಬಹಳ ಜನ ನೀರನ್ನೇ ಕುಡಿಯುವುದಿಲ್ಲ. ಮಧ್ಯೆ ಟಾಯ್ಲೆಟ್ಟಿಗೆ ಹೋಗಬೇಕಾದರೆ ಎಲ್ಲಿ ಹೋಗುವುದು? ಲೋಕಲ್ ರೈಲಿನಲ್ಲಿ ಶೌಚಾಲಯ ಇಲ್ಲ, ಸ್ಟೇಷನ್ನಿನದ್ದರ ಕಥೆ ಹೇಳುವುದು ಬೇಡ. ಹೀಗಾಗಿ ಬಾಯಿ ಒಣಗಿ, ವಾಸನೆ ಬಂದು, ಜೊತೆಗೆ ಉರಿಮೂತ್ರ ಬೇರೆ. ರೈಲು ಹತ್ತುವ ಮುಂಚೆ ಕುಡಿಯಲು ಆಗದಿದ್ದರೆ ಬೇಡ. ಆಫೀಸು ತಲುಪಿದ ಕೂಡಲೇ ಒಂದು ದೊಡ್ಡ ಲೋಟ, ಅಲ್ಲಿಂದ ಸಂಜೆ ನಾಲ್ಕರವರೆಗೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಪ್ರಯಾಣದಲ್ಲಿ ಬಾಯಿ ಒಣಗಿದರೆ ಒಂದೇ ಗುಟುಕು ಬಾಯಿ ತುಂಬ ಆಡಿಸಿ.

ಬರಿ ಹೊಟ್ಟೆಗೆ ನಿಂಬೆ ನೀರು ಒಳ್ಳೆಯದು ಅಂತಾರೆ. ಹಲ್ಲಿಗೆ?

ಒಳ್ಳೆಯದಲ್ಲ. ನಿಂಬೆರಸ ನೇರ ಆಮ್ಲ. ಇಲ್ಲಿ ಬ್ಯಾಕ್ಟೀರಿಯಾ ಕೂಡ ಬೇಕಾಗಿಲ್ಲ, ರಸವೇ ಎನಾಮಲ್ ಸವೆಸುತ್ತದೆ. ಆಪಲ್ ಸೈಡರ್ ವಿನೆಗರ್ ಕೂಡ ಹಾಗೆಯೇ. ತೂಕ ಇಳಿಸಲು ಅಂತ ವರ್ಷಗಟ್ಟಲೆ ಕುಡಿದವರ ಮುಂದಿನ ಹಲ್ಲು ಅಂಚಿನಲ್ಲಿ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಗಾಜಿನಂತೆ ಪಾರದರ್ಶಕವಾಗಿ ಕಾಣುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಆಮೇಲೆ ಸೆನ್ಸಿಟಿವ್ ಪೇಸ್ಟ್ ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳುತ್ತಾರೆ!

ಕುಡಿಯಲೇಬೇಕು ಅಂದರೆ ಊಟದ ಜೊತೆ, ತೆಳ್ಳಗೆ ಮಾಡಿ, ಒಂದೇ ಸಲ ಕುಡಿದು ಮುಗಿಸಿ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಬೇಡ. ಕುಡಿದ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಬ್ರಶ್ ಮಾತ್ರ ಕೂಡಲೇ ಮಾಡಬಾರದು, ಅರ್ಧ ಗಂಟೆಯಾದರೂ ಬಿಡಿ. ಆಮ್ಲದಿಂದ ಮೆತ್ತಗಾದ ಎನಾಮಲ್ಲನ್ನು ಬ್ರಶ್ಶು ಉಜ್ಜಿ ತೆಗೆದುಬಿಡುತ್ತದೆ.

ಹಾಗಾದರೆ ಸೋಲ್ ಕಡಿ (ಕೋಕಂ, ತೆಂಗಿನ ಹಾಲಿನ ಪಾನೀಯ), ಸಾರು, ಹುಣಸೆಹುಳಿ ಎಲ್ಲ ಬಿಡಬೇಕಾ?

ಅಯ್ಯೋ, ಖಂಡಿತ ಬೇಡ. ಸೋಲ್ ಕಡಿಯಾಗಲಿ, ನಮ್ಮ ಪುನರ್ಪುಳಿ (ಕೋಕಂ) ಸಾರಾಗಲಿ, ಊಟದ ಜೊತೆ ಹೋಗುವಂಥದ್ದು. ಅನ್ನ ಅಗಿಯುವಾಗ ಬರುವ ಜೊಲ್ಲು ಅದನ್ನು ನೋಡಿಕೊಳ್ಳುತ್ತದೆ. ಸಕ್ಕರೆ ಬೆರೆಸಿದ ಕೋಕಂ ಶರಬತ್ತನ್ನು ಮಧ್ಯಾಹ್ನವಿಡೀ ಹೀರುವುದು ಬೇರೆ. ಆಮ್ಲ ಮತ್ತು ಸಕ್ಕರೆ ಎರಡೂ ಸೇರಿತಲ್ಲ.

ಕೋಲಾ ಬಿಟ್ಟು ಡಯಟ್ ಕೋಲಾ ಕುಡಿಯುತ್ತೇನೆ. ಸರಿ ತಾನೇ?

ಅರ್ಧ ಸರಿ. ಸಾದಾ ಕೋಲಾದಲ್ಲಿ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಒಂದು ಕ್ಯಾನ್ ಕುಡಿದರೆ ಏಳೆಂಟು ಚಮಚ ಒಳಗೆ ಹೋಯಿತು. ಡಯಟ್‌ನಲ್ಲಿ ಸಕ್ಕರೆ ಇಲ್ಲ, ಆದರೆ ಆಮ್ಲ ಹಾಗೇ ಇದೆ. ಎನಾಮಲ್ ಸವೆಯುವುದು ನಿಲ್ಲುವುದಿಲ್ಲ. ಕುಡಿದರೂ ಸ್ಟ್ರಾ ಹಾಕಿ ಬೇಗ ಮುಗಿಸಿ.

ಕಬ್ಬಿನ ರಸ, ಜುಹೂ ಚೌಪಾಟಿಯ ಕಾಲಾ ಖಟ್ಟಾ ಗೋಲಾ? ವಾರಕ್ಕೊಮ್ಮೆ ಮಕ್ಕಳ ಜೊತೆ ತಿಂದರೆ ಆಕಾಶವೇನೂ ಬೀಳುವುದಿಲ್ಲ. ನನಗೆ ಗೋಲಾದ ಸಿರಪ್ಪಿಗಿಂತ ಐಸಿನ ಮೇಲೆ ಅನುಮಾನ, ಅದು ಹೊಟ್ಟೆಯ ವಿಷಯ. ಎಳನೀರು, ಉಪ್ಪು ಹಾಕಿದ ಮಜ್ಜಿಗೆ ಸಿಗುವಾಗ ಮಾತ್ರ ಬೇರೆಯದರ ಕಡೆ ಯಾಕೆ ಹೋಗುವುದು ಅನ್ನುವುದು ನನ್ನ ತಕರಾರು.

ಹೋಟೆಲಿನಲ್ಲಿ ಕೆಲಸ. ಬೆಳಿಗ್ಗೆ ಐದಕ್ಕೆ ಏಳುತ್ತೇವೆ, ರಾತ್ರಿ ಶಟರ್ ಎಳೆದು ಉಣ್ಣುವಾಗ ಹನ್ನೆರಡು. ನಮಗೆ ಈ ನಿಯಮವೆಲ್ಲ ಹೇಗೆ?

ಕುಂದಾಪುರ, ಉಡುಪಿ, ಕಾರ್ಕಳ ಕಡೆಯಿಂದ ಬಂದ ಹುಡುಗರ ಬಾಯಿ ನೋಡಿದಾಗ ನನಗೆ ತುಂಬ ಬೇಜಾರಾಗುತ್ತದೆ. ಇಪ್ಪತ್ತೈದು ತುಂಬುವ ಮುಂಚೆ ನಾಲ್ಕು ದವಡೆ ಹಲ್ಲು ಹೋಗಿರುತ್ತವೆ. ಕಾರಣ ಇಷ್ಟೇ. ಕೌಂಟರಿನ ಪಕ್ಕದಲ್ಲೇ ಚಹಾ, ಕಾಫಿ. ಊಟಕ್ಕೆ ಸಮಯ ಇಲ್ಲದ್ದರಿಂದ ದಿನವಿಡೀ ಅದೇ ಆಧಾರ. ಕೈಗೆ ಸಿಕ್ಕಿದ ಶೀರಾ ಒಂದು ಚಮಚ, ಮೈಸೂರುಪಾಕಿನ ಪುಡಿ ಒಂದು ಚಿಟಿಕೆ. ನಡುರಾತ್ರಿ ಊಟ, ಉಂಡ ಕೈ ತೊಳೆದು ಅಲ್ಲೇ ನಿದ್ದೆ.

ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಬರುತ್ತದೆ. ಅಂದರೆ ರಾತ್ರಿ ಹಲ್ಲಿಗೆ ಕಾವಲು ಇಲ್ಲ. ಆದ್ದರಿಂದ ಎಷ್ಟೇ ಸುಸ್ತಾದರೂ ಮಲಗುವ ಮುಂಚೆ ಎರಡು ನಿಮಿಷ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ ಮಲಗಿ. ಬೆಳಗಿನದ್ದು ಒಂದು ದಿನ ತಪ್ಪಿದರೂ ರಾತ್ರಿಯದ್ದು ತಪ್ಪಬಾರದು. ನೊರೆ ಉಗಿಯಿರಿ, ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸಬೇಡಿ. ಪೇಸ್ಟಿನ ಫ್ಲೋರೈಡ್ ಸ್ವಲ್ಪ ಹಲ್ಲಿನ ಮೇಲೆ ಉಳಿಯಲಿ.

ಇನ್ನು ಹಗಲಿಗೆ: ಹತ್ತು ಗಂಟೆಗೆ ರಶ್ ಕಡಿಮೆಯಾದಾಗ ಸಾಂಬಾರು ಹಾಕಿಕೊಂಡು ಎರಡು ಇಡ್ಲಿ, ಉಪ್ಪಿಟ್ಟು ಏನಾದರೂ ಹೊಟ್ಟೆ ತುಂಬ ತಿನ್ನಿ. ಹೊಟ್ಟೆ ತುಂಬಿದರೆ ಚಹಾ ತಾನಾಗಿ ಕಡಿಮೆಯಾಗುತ್ತದೆ. ಹೋಟೆಲ್ ನಡೆಸುವ ಅಣ್ಣಂದಿರಿಗೂ ಒಂದು ಮಾತು. ಹುಡುಗರು ಮಲಗುವ ಕಡೆ ಒಂದು ವಾಶ್‌ಬೇಸಿನ್, ಒಂದು ಕನ್ನಡಿ ಹಾಕಿಸಿಕೊಡಿ. ಖರ್ಚು ಹೆಚ್ಚಿಲ್ಲ.

ಬ್ರಶ್ ಕಾಫಿಗೆ ಮೊದಲೋ ಆಮೇಲೋ?

ಮೊದಲು. ನಮ್ಮ ಹಳೇ ರೂಢಿ ಸರಿಯೇ ಇದೆ.

ಮಗು ಬಾಟಲಿ ಬಾಯಲ್ಲಿ ಇಟ್ಟುಕೊಂಡೇ ನಿದ್ದೆ ಮಾಡುತ್ತದೆ. ಹಾಲು ತಾನೇ, ಏನಾಗುತ್ತದೆ?

ಮೇಲಿನ ನಾಲ್ಕು ಮುಂದಿನ ಹಲ್ಲು ಹೋಗುತ್ತವೆ. ಒಸಡಿನ ಅಂಚಿನಲ್ಲಿ ಮೊದಲು ಸುಣ್ಣ ಬಳಿದಂಥ ಬಿಳಿ ಗೆರೆ ಕಾಣುತ್ತದೆ. ಆಮೇಲೆ ಅದು ಹಳದಿ, ಕಂದು, ಕೊನೆಗೆ ಬರೀ ಮೊಂಡು. ಬಿಳಿ ಗೆರೆಯ ಹಂತದಲ್ಲಿ ಬಂದರೆ ಉಳಿಸಬಹುದು. ತಿಂಗಳಿಗೊಮ್ಮೆ ಮಗುವನ್ನು ತೊಡೆಯ ಮೇಲೆ ಮಲಗಿಸಿ, ಮೇಲಿನ ತುಟಿ ಎತ್ತಿ ನೋಡಿ. ಅಜ್ಜಿಯರೇ ನೋಡಬಹುದು, ಕಷ್ಟವೇನಿಲ್ಲ.

ಹಾಲಿಗೆ ಸಕ್ಕರೆ, ಚಾಕೊಲೇಟ್ ಪುಡಿ ಹಾಕುವುದು ನಿಲ್ಲಿಸಿ. ಬಾಟಲಿ ಒಂದು ವರ್ಷಕ್ಕೆ ಬಿಡಿಸಿ, ಲೋಟ ಕಲಿಸಿ. ರಾತ್ರಿ ಎದ್ದರೆ ನೀರು. ಮೊದಲ ಹಲ್ಲು ಬಂದ ದಿನದಿಂದಲೇ ಉಜ್ಜಬೇಕು. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಪೇಸ್ಟಿನ ಜಾಹೀರಾತಿನಲ್ಲಿ ತೋರಿಸುವ ಉದ್ದದ ಅಲೆ ಯಾರಿಗೂ ಬೇಡ, ದೊಡ್ಡವರಿಗೂ.

ಕೆಮ್ಮಿನ ಸಿರಪ್ಪು ಕೂಡ ಸಿಹಿಯೇ ಅನ್ನುವುದು ನೆನಪಿರಲಿ. ರಾತ್ರಿ ಕೊಟ್ಟ ಮೇಲೆ ಎರಡು ಗುಟುಕು ನೀರು ಕುಡಿಸಿ.

ಹಾಲು ಹಲ್ಲು ಹೇಗೂ ಬಿದ್ದುಹೋಗುತ್ತದೆ. ಅದಕ್ಕೆ ಯಾಕೆ ಖರ್ಚು?

ಹಿಂದಿನ ಹಾಲು ಹಲ್ಲು ಬೀಳುವುದು ಹತ್ತು, ಹನ್ನೆರಡನೆಯ ವಯಸ್ಸಿಗೆ. ಅಲ್ಲಿವರೆಗೆ ಮಗು ಅದರಲ್ಲೇ ಅಗಿಯಬೇಕು. ಬೇಗ ಕಿತ್ತರೆ ಪಕ್ಕದ ಹಲ್ಲು ವಾಲಿ ಜಾಗ ತಿನ್ನುತ್ತದೆ, ಆಮೇಲೆ ಕ್ಲಿಪ್ಪಿನ ಖರ್ಚು ನಿಮ್ಮದೇ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆರನೇ ವರ್ಷದ ಸುಮಾರಿಗೆ ಎಲ್ಲ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ನಾಲ್ಕು ದೊಡ್ಡ ದವಡೆ ಹಲ್ಲು ಬರುತ್ತವೆ. ಅವು ಶಾಶ್ವತ ಹಲ್ಲು. ಯಾವ ಹಲ್ಲೂ ಬಿದ್ದಿಲ್ಲವಾದ್ದರಿಂದ ಅಪ್ಪ ಅಮ್ಮ ಅದನ್ನೂ ಹಾಲು ಹಲ್ಲು ಅಂತಲೇ ತಿಳಿದಿರುತ್ತಾರೆ. ಅದರ ಮೇಲ್ಭಾಗದಲ್ಲಿ ಆಳದ ಗೀರುಗಳು. ಬಿಸ್ಕತ್ತು, ವೇಫರ್ ಹೋಗಿ ಕೂರುವುದು ಅಲ್ಲೇ. ಎಂಟು ವರ್ಷದ ಮಗುವನ್ನು ಕರೆತಂದು, ಇದು ಬೀಳುವ ಹಲ್ಲಲ್ವಾ ಡಾಕ್ಟ್ರೇ, ಕಿತ್ತುಬಿಡಿ ಅನ್ನುತ್ತಾರೆ. ಅಲ್ಲಿರುವುದು ಜೀವಮಾನಕ್ಕೆ ಬಂದ ಹಲ್ಲು. ಆರು ತುಂಬಿದ ಕೂಡಲೇ ತೋರಿಸಿ. ಆ ಗೀರುಗಳನ್ನು ಮುಚ್ಚುವ ಸೀಲೆಂಟ್ ಹಾಕಿಸಬಹುದು. ಕೊರೆಯುವುದಿಲ್ಲ, ನೋವಿಲ್ಲ.

ರಾಗಿ ತಿಂದರೆ ಹಲ್ಲು ಗಟ್ಟಿಯಾಗುತ್ತದಾ?

ಮಕ್ಕಳಲ್ಲಿ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಕ್ಯಾಲ್ಸಿಯಂ ಬೇಕು. ದೊಡ್ಡವರಲ್ಲಿ ಬಂದ ಹಲ್ಲಿನ ಎನಾಮಲ್ ರಾಗಿ ಉಂಡದ್ದರಿಂದ ದಪ್ಪವಾಗುವುದಿಲ್ಲ. ಆದರೆ ಹಲ್ಲು ನಿಂತಿರುವುದು ದವಡೆ ಮೂಳೆಯಲ್ಲಿ. ಆ ಮೂಳೆಗೆ, ಸೊಂಟಕ್ಕೆ, ಮಂಡಿಗೆ ಕ್ಯಾಲ್ಸಿಯಂ ಕೊನೆಯವರೆಗೂ ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ನೂರು ಮಿಲಿ ಹಾಲಿನಲ್ಲಿ ಸುಮಾರು 120. ಎಳ್ಳು, ನುಗ್ಗೆಸೊಪ್ಪು ಇದ್ದೇ ಇವೆ. ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಕ್ಯಾಲ್ಸಿಯಂ ವಿಷಯದಲ್ಲಿ ಯಾವ ಮಾತ್ರೆಗೂ ಕಡಿಮೆಯಿಲ್ಲ. ಬೂತಾಯಿ ತಿನ್ನುವವರು ಇಲ್ಲಿಗೆ ಬಂದು ಬರೀ ಸುರ್ಮೈ, ಪಾಪ್ಲೆಟ್ ಹಿಂದೆ ಬೀಳುವುದು ಯಾಕೋ ನನಗೆ ಗೊತ್ತಾಗುವುದಿಲ್ಲ.

ಊರಿನಿಂದ ರಾಗಿ ಹಿಟ್ಟು ಹೊತ್ತು ತರಬೇಕಾಗಿಲ್ಲ. ಇಲ್ಲಿ ನಾಚ್ನಿ ಅಂತ ಕೇಳಿ, ಯಾವ ಅಂಗಡಿಯಲ್ಲೂ ಸಿಗುತ್ತದೆ. ನಾಚ್ನಿ ಬಿಸ್ಕತ್ತು ಮಾತ್ರ ಬಿಸ್ಕತ್ತೇ, ಅದರ ಸಕ್ಕರೆ ರಾಗಿಗೆ ಹೆದರುವುದಿಲ್ಲ.

ಸಂಕಷ್ಟಿ, ಏಕಾದಶಿ, ನವರಾತ್ರಿ ಉಪವಾಸ ಇರುತ್ತೇನೆ. ಬಾಯಿ ವಾಸನೆ ಬರುತ್ತದೆ.

ಏನೂ ಅಗಿಯದಿದ್ದರೆ ಜೊಲ್ಲು ಬರುವುದಿಲ್ಲ, ಬಾಯಿ ಒಣಗಿ ವಾಸನೆ ಬರುತ್ತದೆ. ನೀರು ಕುಡಿಯುವ ವ್ರತವಾದರೆ ಕುಡಿಯುತ್ತಿರಿ. ನಾಲಿಗೆಯನ್ನು ಬೆಳಿಗ್ಗೆ ಸರಿಯಾಗಿ ಕೆರೆದುಕೊಳ್ಳಿ.

ಆದರೆ ಇಲ್ಲಿನ ಉಪವಾಸ ಅಂದರೆ ಹೆಸರಿಗಷ್ಟೇ ಅಲ್ವಾ? ಸಾಬುದಾಣಾ (ಸಬ್ಬಕ್ಕಿ) ಖಿಚಡಿ, ರಾಜಗಿರಾ ಚಿಕ್ಕಿ, ಬಟಾಟೆ ಚಿವಡಾ, ಖರ್ಜೂರ, ನಡುನಡುವೆ ಸಿಹಿ ಚಹಾ. ಸಾಬುದಾಣಾ ಬಹುಪಾಲು ಬರೀ ಪಿಷ್ಟ, ಬೆಂದಾಗ ಅಂಟಂಟು. ಶುಗರ್ ಇರುವವರಿಗೆ ಅದು ತೊಂದರೆಯೇ. ಅದರ ಬದಲು ವರೀ (ಉಪವಾಸಕ್ಕೆ ಬಳಸುವ ಸಿರಿಧಾನ್ಯ) ಅನ್ನ, ಕಡಲೆಕಾಯಿ ಆಮಟಿ (ಸಾರು), ಮೊಸರು, ಹಣ್ಣು ಇಟ್ಟುಕೊಳ್ಳಿ. ಎರಡು ಹೊತ್ತು ತಿನ್ನಿ, ಮಧ್ಯೆ ಬಾಯಿಗೆ ರಜೆ ಕೊಡಿ. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ.

ಶುಗರ್ ಇದೆ. ಹಲ್ಲಿಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಎರಡೂ ಕಡೆಯಿಂದ. ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಒಸಡಿನ ಸೋಂಕು ಬೇಗ ಹಿಡಿಯುತ್ತದೆ, ಗುಣವಾಗುವುದು ನಿಧಾನ. ಒಸಡಿನಲ್ಲಿ ಕೀವು, ಸೋಂಕು ಇದ್ದರೆ ಶುಗರ್ ಇಳಿಯಲು ಒಪ್ಪುವುದಿಲ್ಲ. ಉಜ್ಜುವಾಗ ರಕ್ತ, ಹಲ್ಲು ಅಲ್ಲಾಡುವುದು, ಬಾಯಿ ಕಹಿ, ಇವು ಇದ್ದರೆ ತೋರಿಸಿ. ರಕ್ತ ಬರುತ್ತದೆ ಅಂತ ಉಜ್ಜುವುದನ್ನು ಬಿಡಬೇಡಿ, ಬಿಟ್ಟರೆ ಇನ್ನೂ ಜಾಸ್ತಿ ಆಗುತ್ತದೆ.

ಬಿಪಿ, ಅಲರ್ಜಿ, ಮನಸ್ಸಿನ ಕಾಯಿಲೆಯ ಕೆಲವು ಗುಳಿಗೆಗಳು ಬಾಯಿ ಒಣಗಿಸುತ್ತವೆ. ಗುಳಿಗೆ ನೀವಾಗಿಯೇ ನಿಲ್ಲಿಸಬೇಡಿ. ಬಾಯಿ ಒಣಗುತ್ತದೆ ಅಂತ ಸಕ್ಕರೆ ಮಿಠಾಯಿ ಚೀಪುವುದೂ ಬೇಡ.

ಬಸುರಿ. ವಾಂತಿ ಆದ ಕೂಡಲೇ ಹಲ್ಲುಜ್ಜುತ್ತೇನೆ. ಸರಿಯಾ?

ಬೇಡ. ಹೊಟ್ಟೆಯ ಆಮ್ಲ ಬಾಯಿಗೆ ಬಂದಿರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗಿಯಿರಿ. ಅರ್ಧ ಗಂಟೆಯ ಮೇಲೆ ಉಜ್ಜಿ. ಈ ಸಮಯದಲ್ಲಿ ಒಸಡು ಊದಿ ರಕ್ತ ಬರುವುದು ಸಾಮಾನ್ಯ, ಆದರೂ ತೋರಿಸಿ. ಕ್ಲೀನಿಂಗ್, ಫಿಲ್ಲಿಂಗ್ ಬಸಿರಿನಲ್ಲೂ ಮಾಡಬಹುದು.

ಇಲ್ಲಿನ ನೀರಿನಲ್ಲಿ ಫ್ಲೋರೈಡ್ ಇದೆಯಾ? ಊರಿನಲ್ಲಿ ಅದರಿಂದಲೇ ಹಲ್ಲು ಕಂದಾಯಿತು ಅಂತಾರೆ.

ಪಾವಗಡ, ಮುಂಡರಗಿ, ಕೋಲಾರದ ಕಡೆಯವರು ಕೇಳುವ ಪ್ರಶ್ನೆ, ನ್ಯಾಯವಾದದ್ದೇ. ಅಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಬಂಡೆಯಿಂದ ಫ್ಲೋರೈಡ್ ಕರಗಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುವುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟಿ ಬರುತ್ತದೆ, ತೀರಾ ಜಾಸ್ತಿಯಾದರೆ ಮೂಳೆಗೂ ಪೆಟ್ಟು.

ಮುಂಬೈ ನೀರು ಭಾತ್ಸಾ, ತಾನ್ಸಾ, ವೈತರಣಾ ಮುಂತಾದ ಜಲಾಶಯಗಳದ್ದು. ಪುಣೆಯದ್ದು ಖಡಕ್‌ವಾಸ್ಲಾ ಕಡೆಯದ್ದು. ಮಳೆ ನೀರು ನಿಂತ ಕೆರೆಗಳಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ, ಆರ್‌ಒ ಫಿಲ್ಟರ್ ಹಾಕಿದರೆ ಇನ್ನೂ ಕಡಿಮೆ. ಹಾಗಾಗಿ ಊರಿನ ಹೆದರಿಕೆಯಿಂದ ಇಲ್ಲಿ ಫ್ಲೋರೈಡ್ ಇಲ್ಲದ ಪೇಸ್ಟ್ ಹುಡುಕಬೇಡಿ. ಸುಮಾರು 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಫ್ಲೋರೈಡ್ ಇರುವ ಸಾದಾ ಪೇಸ್ಟ್ ಸಾಕು. ಇದ್ದಿಲು, ಲವಂಗ, ಉಪ್ಪು ಅಂತ ಬರೆದದ್ದಕ್ಕೆ ದುಡ್ಡು ಜಾಸ್ತಿ ಕೊಡಬೇಕಾಗಿಲ್ಲ. ಒಂದೇ ಟ್ಯಾಂಕರ್, ಬೋರ್‌ವೆಲ್ ನೀರನ್ನೇ ವರ್ಷವಿಡೀ ಕುಡಿಯುವ ಸೊಸೈಟಿಯವರು ಮಾತ್ರ ಒಮ್ಮೆ ಪರೀಕ್ಷೆ ಮಾಡಿಸಿ.

ಊಟ ಆದಮೇಲೆ ಒಂದು ತುಂಡು ಅಡಿಕೆ. ತಂಬಾಕು ಇಲ್ಲ. ಅದೂ ಬೇಡವಾ?

ಅದೂ ಬೇಡ. ಅಡಿಕೆ ತೋಟದ ಮನೆಯವರಿಗೆ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ಗೊತ್ತು. ನನ್ನ ತವರಿನಲ್ಲೂ ತಟ್ಟೆಯಲ್ಲಿ ಎಲೆಯಡಿಕೆ ಇಟ್ಟೇ ಮಾತು ಶುರು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ತಂಬಾಕು ಇಲ್ಲದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದಕ್ಕೂ ಮೊದಲು ಬರುವುದು ಇನ್ನೊಂದು. ಕೆನ್ನೆಯ ಒಳಭಾಗ ಬಿಳಿಚಿ, ಗಟ್ಟಿಯಾಗಿ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ಖಾರ ತಾಗಿದರೆ ಉರಿ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ ಈ ವಾರವೇ ತೋರಿಸಿ. ಒಮ್ಮೆ ಗಟ್ಟಿಯಾದದ್ದು ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಬಿಟ್ಟರೆ ಮುಂದೆ ಹೋಗುವುದನ್ನು ತಡೆಯಬಹುದು.

ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ. ಆದರೂ ಸುಗಂಧ ಸುಪಾರಿ ಅಂತ ಸಣ್ಣ ಪೊಟ್ಟಣಗಳು ಶಾಲೆ ಹುಡುಗರ ಜೇಬಿನಲ್ಲೂ ಸಿಗುತ್ತವೆ, ಅದರ ಮೇಲೆ ಕಣ್ಣಿಡಿ. ಹಾಗೆಯೇ ಮಿಶ್ರಿ. ಹುರಿದ ತಂಬಾಕಿನ ಕರಿ ಪುಡಿ. ಪಕ್ಕದ ಮನೆಯ ಆಜಿ ಹಲ್ಲುನೋವಿಗೆ ಒಳ್ಳೆಯದು ಅಂತ ಪ್ರೀತಿಯಿಂದಲೇ ಕೊಡುತ್ತಾರೆ. ಅದು ಹಲ್ಲುಪುಡಿ ಅಲ್ಲ, ತಂಬಾಕೇ. ನಮ್ಮ ಹೆಂಗಸರು ಇಲ್ಲಿಗೆ ಬಂದು ಕಲಿತು, ಆಮೇಲೆ ಬಿಡಲು ಒದ್ದಾಡುವುದನ್ನು ನೋಡಿದ್ದೇನೆ. ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಕಾಯಬೇಡಿ. ಪರೇಲಿನ ಟಾಟಾ ಮೆಮೋರಿಯಲ್ ಹೆಸರು ಕೇಳಿಯೇ ಹೆದರಿ ಮನೆಯಲ್ಲಿ ಕೂರುವವರಿದ್ದಾರೆ. ಬೇಗ ಹೋದವರೇ ಬೇಗ ಗುಣವಾಗಿ ಬರುವುದು.

ಅಡಿಕೆ ಬದಲು ಏನು ಅಂದರೆ: ಸಾದಾ ಸೋಂಪು, ಒಂದು ಏಲಕ್ಕಿ, ಒಂದು ಲವಂಗ. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಬರುವ ಬಣ್ಣದ ಸಕ್ಕರೆ ಸೋಂಪು ಅಲ್ಲ.

ಅಮ್ಮನಿಗೆ ಹಲ್ಲಿನ ಸೆಟ್ಟು. ಚಪಾತಿ ಬಿಟ್ಟು ಬರೀ ಗಂಜಿ, ಬ್ರೆಡ್ಡು ಚಹಾ ಅನ್ನುತ್ತಾರೆ.

ಇದರಿಂದ ಪ್ರೊಟೀನ್ ಕಡಿಮೆಯಾಗಿ ಕೈಕಾಲು ಸೋಲುತ್ತದೆ. ಮೆತ್ತಗಿನದ್ದೇ ಆದರೂ ಸತ್ವದ್ದು ಕೊಡಿ. ಹೆಸರುಬೇಳೆ ತೊವ್ವೆ, ರಾಗಿ ಮುದ್ದೆ, ಮೊಸರನ್ನ, ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಹಿಸುಕಿದ ತರಕಾರಿ. ಮುದ್ದೆ ನುಂಗುವ ಅಭ್ಯಾಸ ಇರುವ ಅಮ್ಮಂದಿರಿಗೆ ಸೆಟ್ಟು ಒಂದು ತೊಂದರೆಯೇ ಅಲ್ಲ! ಚಪಾತಿಯನ್ನು ಸಾರಿನಲ್ಲಿ ನೆನೆಸಿ ಕೊಡಿ. ರಾತ್ರಿ ಸೆಟ್ಟು ತೆಗೆದು ನೀರಿನಲ್ಲಿಡಬೇಕು. ಸಡಿಲವಾಗಿ ಅಲ್ಲಾಡುತ್ತಿದ್ದರೆ ಸರಿಮಾಡಿಸಿ, ಒಸಡಿಗೆ ಉಜ್ಜಿ ಹುಣ್ಣಾಗುತ್ತದೆ.

ಕ್ಲಿನಿಕ್ಕಿನ ಖರ್ಚು ನಮ್ಮಿಂದ ಆಗುವುದಿಲ್ಲ. ಬೇರೆ ದಾರಿ ಇದೆಯಾ?

ಇದೆ, ಕೇಳಲು ನಾಚಿಕೆ ಬೇಡ. ಸಿಎಸ್‌ಎಂಟಿ ಹತ್ತಿರ ಸರಕಾರಿ ಡೆಂಟಲ್ ಕಾಲೇಜು ಇದೆ. ಮುಂಬೈ ಸೆಂಟ್ರಲ್ಲಿನಲ್ಲಿ ಮಹಾನಗರಪಾಲಿಕೆಯ ನಾಯರ್ ಡೆಂಟಲ್ ಕಾಲೇಜು ಇದೆ. ಖರ್ಚು ಬಹಳ ಕಡಿಮೆ. ಕಲಿಯುವ ಹುಡುಗರು ಮಾಡುತ್ತಾರೆ, ಮೇಷ್ಟ್ರು ಹಿಂದೆ ನಿಂತು ನೋಡುತ್ತಾರೆ. ಒಂದೇ ಕೆಲಸಕ್ಕೆ ಎರಡು ಮೂರು ಸಲ ಹೋಗಬೇಕಾಗಬಹುದು, ಸಾಲು ಉದ್ದ ಇರುತ್ತದೆ. ಬೆಳಿಗ್ಗೆ ಬೇಗ ಹೋಗಿ. ನೀವು ತೆಗೆದುಕೊಳ್ಳುವ ಗುಳಿಗೆಗಳ ಚೀಟಿ, ಹಳೇ ಎಕ್ಸ್‌ರೇ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ತಿಂಡಿ ತಿಂದು ಹೋಗಿ, ಅದರಲ್ಲೂ ಶುಗರ್ ಇರುವವರು. ಹಲ್ಲು ಕೀಳಿಸಿದರೆ ಮರಗಟ್ಟಿದ್ದು ಬಿಡುವವರೆಗೆ ಏನೂ ಅಗಿಯಬೇಡಿ. ಆಮೇಲೆ ಆ ದಿನ ತಣ್ಣಗಿನ ಮೊಸರನ್ನ ತಿಂದರೆ ಆಯಿತು, ಬಿಸಿ ಚಹಾ ಮಾತ್ರ ಮರುದಿನಕ್ಕೆ.